ಬಳೆ ಇಟ್ಟು ಬರೆದ ಪರಮಾಣು

ತಾರ್ನಾಕ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಕಾಕು ಪರಮಾಣುವಿನ ಚಿತ್ರವನ್ನು ಬಳೆ ಇಟ್ಟು ಬರೆಯುತ್ತಿದ್ದರು. ಸಂಜೆ ನಾವು ಹುಡುಗಿಯರು ಪಾಠಕ್ಕೆ ಹೋದರೆ, ಕೈಯಿಂದ ಒಂದು ಹಸಿರು ಗಾಜಿನ ಬಳೆ ತೆಗೆದು ಕರಿಹಲಗೆಗೆ ಒತ್ತಿ ಹಿಡಿದು ಸುತ್ತ ಸೀಮೆಸುಣ್ಣ ಎಳೆಯುವರು. ಅದು ಮೊದಲ ಕಕ್ಷೆ. ಎರಡನೆಯದಕ್ಕೆ ಊಟದ ತಾಟು. ಪ್ರೋಟಾನು, ನ್ಯೂಟ್ರಾನುಗಳನ್ನು ನಡುವೆ ಒಟ್ಟಿಗೆ ಗುಡ್ಡೆ ಹಾಕಿ, ಗೆರೆಯ ಮೇಲೆ ಎಲೆಕ್ಟ್ರಾನುಗಳ ಚುಕ್ಕಿ ಇಡುವರು.

"ಭಾರ ಎಲ್ಲಾ ನಡುವ ಐತಿ ನೋಡ್ರವಾ. ಸುತ್ತ ತಿರಗೂದು ಭಾಳ ಹಗುರ."

ಹೇಳುತ್ತಲೇ ಬಳೆಯನ್ನು ಸೆರಗಿಗೆ ಒರೆಸಿ, ನೋಡದೆಯೇ ಕೈಗೇರಿಸಿಕೊಳ್ಳುವರು. ಅದು ಘಲ್ಲೆಂದು ಉಳಿದ ಬಳೆಗಳನ್ನು ಸೇರುತ್ತಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಕಾಕುವಿನ ಗಂಡ, ಕಾಕಾ, ತೀರಿಕೊಂಡರು. ಕೆಲವು ವಾರ ಕಳೆದು ಕಾಕು ತಾವಾಗಿಯೇ ಕರೆದರು: "ಪರೀಕ್ಷಾ ಹತ್ತಿರ ಬಂದಾವು, ಪಾಠಕ್ಕ ಬರ್ರಿ."

ಹಲಗೆಯ ಮುಂದೆ ನಿಂತು, ಬಳೆ ತೆಗೆಯಲು ಹೋದ ಕೈ ಬರಿಯ ಮಣಿಕಟ್ಟಿನ ಮೇಲೆ ತಡೆಯಿತು. ನಾನು ನನ್ನ ಬಳೆಯೊಂದನ್ನು ತೆಗೆದುಕೊಟ್ಟೆ. ಅದನ್ನು ಇಸಿದುಕೊಂಡು ಕಕ್ಷೆ ಬರೆದರು, ಚುಕ್ಕಿ ಇಟ್ಟರು.

"ಭಾರ ಎಲ್ಲಾ ನಡುವ ಐತಿ ನೋಡ್ರವಾ," ಎನ್ನುತ್ತ ಬಳೆಯನ್ನು ಸೆರಗಿಗೆ ಒರೆಸಿ, ನೋಡದೆಯೇ ಕೈಗೇರಿಸಿಕೊಂಡರು.

ಸದ್ದಾಗಲಿಲ್ಲ. ಆಗ ಕೈ ನೋಡಿಕೊಂಡರು.