ಬೀಳಲೆಂದು ಬಿಟ್ಟ ಮನೆ

ಮಣ್ಣಿನಡಿಯಿಂದ ಹಳೆಯ ಮಡಕೆಯನ್ನು ಎತ್ತಿ ತೆಗೆದವರನ್ನು ಲೋಕ ಕೊಂಡಾಡುತ್ತದೆ. ಅಂಥದೇ ಮಡಕೆಯನ್ನು ಅಂದಿನವರಂತೆಯೇ ತಟ್ಟಿ, ಸುಟ್ಟು, ಅದರಲ್ಲಿ ಗಂಜಿ ಬೇಯಿಸಿ ನೋಡಿದವರನ್ನು ಕಂಡರೆ ನೆರೆಮನೆಯವರೂ ನಗುತ್ತಾರೆ. ನಮ್ಮ ಪುರಾತತ್ತ್ವ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ಹಿರಿಯ ಪ್ರಾಧ್ಯಾಪಕಿ, ವಿದ್ಯಾರ್ಥಿಗಳ ಬಾಯಲ್ಲಿ ‘ಮಣ್ಣಮ್ಮ’, ಆ ನಗುವನ್ನು ಸೇವಾವಧಿಯುದ್ದಕ್ಕೂ ಬಿರುದಿನಂತೆ ಧರಿಸಿದವರು.

ಅವರು ಸೇವೆಗೆ ಸೇರಿದ ಹೊಸದರಲ್ಲಿ, ವಿಭಾಗದ ಹಿತ್ತಿಲಿನ ಮಡಕೆ ಸುಡುವ ಆವಿಗೆಯಲ್ಲಿ ವಿದ್ಯಾರ್ಥಿಯೊಬ್ಬನ ಮಡಕೆಗಳೆಲ್ಲ ಸೀಳಿಹೋದವು. ಹುಡುಗನ ಕಣ್ಣು ತುಂಬಿ ಬಂತು. ಮೇಡಂ ಒಂದೊಂದೇ ಚೂರನ್ನು ಬುಟ್ಟಿಗೆ ಆಯ್ದು ಹಾಕುತ್ತ, “ಯಾಕೋ ಅಳ್ತೀಯಾ? ಅಗೆದಾಗ ನಮಗೆ ಸಿಗೋದೂ ಒಡೆದ ಮಡಕೇನೇ. ಹೇಗೆ ಒಡೀತು ಅಂತ ಗೊತ್ತಿರೋನು ನೀನೊಬ್ಬನೇ” ಎಂದರು. ಆ ವಿದ್ಯಾರ್ಥಿಯೇ ಇಂದು ವಿಭಾಗದ ಮುಖ್ಯಸ್ಥ.

ಮುಂದೆ ಅವರು ಅದೇ ಹಿತ್ತಿಲಿನಲ್ಲಿ ಹಳೆಯ ಕಾಲದ ಮನೆಯನ್ನೇ ಕಟ್ಟಿದರು. ಅಗೆತದಲ್ಲಿ ಕಂಡ ಕುಳಿಗಳ ಅಳತೆಗೆ ಕಂಬ ನೆಟ್ಟು, ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿ, ಒಂದು ಮಳೆಗಾಲವಿಡೀ ವಿದ್ಯಾರ್ಥಿಗಳೊಂದಿಗೆ ಅದರಲ್ಲೇ ಹೊಗೆ ಕುಡಿದು ಬಾಳಿದರು. “ಇರೋ ಮನೆ ಸೋರ್ತಿದೆ, ಇವಳಿಗೆ ಸತ್ತೋರ ಮನೆ ಚಿಂತೆ!” ಎಂದು ಅತ್ತೆಯವರು ಹಂಗಿಸುತ್ತಲೇ ಬುತ್ತಿ ಕಳಿಸುತ್ತಿದ್ದರು; ಸೊಸೆ ಅದನ್ನು ಕಾವಲುಗಾರನಿಗೆ ದಾಟಿಸಿ ಸೀದುಹೋದ ಗಂಜಿಯನ್ನೇ ಉಣ್ಣುತ್ತಿದ್ದರು. ಆ ಮಣ್ಣಿನ ಮನೆಯಿಂದ ಹೊರಬಂದ ದಿನ ಅವರು ವಿಧಿಸಿದ್ದು ಒಂದೇ ನಿಯಮ: ಇನ್ನು ಇದನ್ನು ಯಾರೂ ಮುಟ್ಟಕೂಡದು. ಜನ ಬಿಟ್ಟುಹೋದ ಮನೆ ಹೇಗೆ ಕುಸಿದು ಮಣ್ಣಾಗುತ್ತದೆಂದು ಕಣ್ಣಾರೆ ಕಂಡವರಿಗಲ್ಲವೇ, ಮಣ್ಣಿನಲ್ಲಿ ಸಿಕ್ಕ ಮನೆಯನ್ನು ಓದಲು ಬರುವುದು?

ಈ ವರ್ಷ ಸೂರು ಜಗ್ಗಿತು. ಬೀಳ್ಕೊಡುಗೆಯ ಕಾಣಿಕೆಯಾಗಿ ಮನೆಯನ್ನು ದುರಸ್ತಿಮಾಡಿ ಬಾಗಿಲಿಗೆ ಮೇಡಂ ಹೆಸರು ಹಾಕಿಸಬೇಕೆಂದು ಮುಖ್ಯಸ್ಥರು ಹುಲ್ಲು ತರಿಸಿದರು, ಮಣ್ಣು ಕಲಸಿ ಇರಿಸಿದರು. ಒಂದು ಕೈ ಮಣ್ಣು ಬಿದ್ದರೂ ಇಷ್ಟು ವರ್ಷಗಳ ಕಾಯುವಿಕೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

“ನಿಮ್ಮ ಕೈಯಾರೆ ಕಟ್ಟಿದ್ದು, ಮೇಡಂ. ಕಣ್ಮುಂದೆ ಬೀಳೋದನ್ನ ಹೇಗೆ ನೋಡ್ಲಿ?”

“ಅಕ್ಕರೆ ಮಾಡೋರು ಇದ್ದಿದ್ರೆ ಆ ಹಳೇ ಮನೆಗಳೂ ಬೀಳ್ತಿರಲಿಲ್ಲ ಕಣೋ. ಕಾಣಿಕೆ ಕೊಡಲೇಬೇಕು ಅಂದ್ರೆ ಕೈಕಟ್ಟಿ ಕೂತ್ಕೋ. ಅದಕ್ಕಿಂತ ಕಷ್ಟದ ಕೆಲಸ ನಾನು ನಿಂಗೆ ಕಲಿಸೇ ಇಲ್ಲ.”

ಹಾಗೆಂದವರೇ ಗೋಡೆಯ ಮುಂದೆ ನಿಂತುಬಿಟ್ಟರು. ಒಣಗಿದ ಮಣ್ಣಿನಲ್ಲಿ ಅವರ ಹರೆಯದ ಬೆರಳುಗಳ ಗುರುತು ಹಾಗೆಯೇ ಇತ್ತು. ಬಿರುಕು ಅದರ ನಡುವೆಯೇ ಇಳಿದಿತ್ತು. ಕೈ ತಾನಾಗಿಯೇ ಹಸಿಮಣ್ಣಿನ ಮುದ್ದೆಯೊಂದನ್ನು ಎತ್ತಿಕೊಂಡಿತು, ಬಿರುಕಿನವರೆಗೂ ಹೋಯಿತು. ಆಮೇಲೆ ಎದೆಯನ್ನು ಕಲ್ಲುಮಾಡಿಕೊಂಡು ಮುದ್ದೆಯನ್ನು ರಾಶಿಗೇ ಮರಳಿಸಿದರು. ನೋಡುತ್ತಿದ್ದ ಮುಖ್ಯಸ್ಥರು ಹುಲ್ಲಿನ ಹೊರೆಗಳನ್ನು ಹಿಂದಕ್ಕೆ ಕಳಿಸಿದರು.

ನೂರು ವರ್ಷ ಬಾಳಿರೆಂದು ಹರಸುವುದು ಇಂಥ ಅಭಿನಂದನ ಗ್ರಂಥಗಳ ವಾಡಿಕೆ. ನಮ್ಮ ಹಾರೈಕೆಯ ಅಳತೆಗೋಲು ಆ ಮನೆಯೇ. ಸೂರು ಕುಸಿದು, ಗೋಡೆ ಕರಗಿ, ಮೇಲೆ ಹುಲ್ಲು ಬೆಳೆದು, ಅಲ್ಲೊಂದು ಮನೆಯಿತ್ತೆಂಬುದೇ ಊರಿಗೆ ಮರೆತುಹೋದ ಕಾಲಕ್ಕೆ ನಮ್ಮ ಮಣ್ಣಮ್ಮನವರು ಕರಣೆ ಹಿಡಿದು, ಮಂಡಿಯೂರಿ, ಅದನ್ನು ಅಗೆಯಲು ಕೂರಲಿ. ಮೊದಲ ಬುಟ್ಟಿ ಮಣ್ಣು ಹೊರುವ ಭಾಗ್ಯ ನಮ್ಮದಾಗಲಿ.