ಒಂದು ಕುರ್ಪಿಯಷ್ಟು ಕಬ್ಬಿಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಬ್ಬೂರಿನಿಂದ ದಿಗ್ಗೇವಾಡಿಯ ಕಂಬಾರರ ಮನೆಗೆ ಸೊಸೆಯಾಗಿ ಬಂದಾಗ ಅದನ್ನೂ ಜೊತೆಗೇ ತಂದಿದ್ದೆ. ಜೋಳದ ಹಿಟ್ಟನ್ನು ಧಪಧಪ ಬಡಿಯುತ್ತಿದ್ದೆ, ರೊಟ್ಟಿಯ ಅಂಚು ಸೀಳುತ್ತಿತ್ತು. ಅತ್ತೆ ನಗುತ್ತ, "ಹಿಟ್ಟಿನ ಮ್ಯಾಲ ಸಿಟ್ಟು ತೋರಸಬ್ಯಾಡ ಯವ್ವಾ. ಮೊದಲ ಸವರು, ಕೂಡಿಸು, ಆಮ್ಯಾಲ ಬಡಿ" ಎನ್ನುತ್ತಿದ್ದರು. ಆದರೆ ಕುಲುಮೆಯಲ್ಲಿ ನನ್ನ ಸಿಟ್ಟಿಗೆ ಬೆಲೆಯಿತ್ತು. ಗಂಡ ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿದರೆ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವವಳು ನಾನೇ. ನಮ್ಮ ಮನೆಗಳಲ್ಲಿ ಅದು ಹೆಂಗಸರ ಕೆಲಸ.

ಎಂಬತ್ತರ ದಶಕದ ಮಾತು. ಕಬ್ಬು ಕಡಿಯುವ ಕೊಯ್ತಾಕ್ಕೆ ಕುಡಚಿಯ ಗುಜರಿಯಿಂದ ಲಾರಿಯ ಮುರಿದ ಸ್ಪ್ರಿಂಗ್ ಪಾಟಾ ತರುತ್ತಿದ್ದೆವು. ಒಮ್ಮೆ ಮಾವ ಕಟ್ಟೆಯ ಮೇಲೆ ಕೂತು, "ನಮ್ಮಜ್ಜ ಕಲ್ಲಿನಿಂದ ಕಬ್ಬಿಣ ಇಳಸ್ತಿದ್ದ" ಎಂದರಂತೆ. ಎದುರುಮನೆ ಕಾಕಾ ಬಿಡಬೇಕಲ್ಲ! "ಹೌದ್ರಿ, ನೀವು ಗುಜರ್‍ಯಾಗಿಂದ ಇಳಸ್ತೀರಿ" ಎಂದ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಮಾವ ಧಿಗ್ಗನೆ ಎದ್ದು, "ಈ ದಸರಿ ಖಂಡೇಪೂಜಿಗೆ ನನ್ನ ಕೈಯಾರೆ ಇಳಿಸಿದ ಕಬ್ಬಿಣದ ಹತ್ಯಾರ ಇಡಲಿಲ್ಲಂದ್ರ, ಕುಲುಮ್ಯಾಗ ಕಾಲಿಡೂದಿಲ್ಲ" ಎಂದು ಆಣೆ ಮಾಡಿಬಿಟ್ಟರು. ಆ ಮನುಷ್ಯ ಮಾತಿಗೆ ತಪ್ಪುವವರಲ್ಲ. ಕುಲುಮೆ ಬಿಟ್ಟು ಬದುಕುವವರೂ ಅಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ನಿಪ್ಪಾಣಿ ಕಡೆಯ ಗುಡ್ಡದಿಂದ ಭಾರದ ಕೆಂಪು ಕಲ್ಲು ತಂದರು. ಅದನ್ನು ಸುಟ್ಟು, ಕುಟ್ಟಿ, ಎದೆಯೆತ್ತರದ ಮಣ್ಣಿನ ಗೂಡಿಗೆ ಇದ್ದಲಿನ ಜೊತೆ ಪದರ ಪದರವಾಗಿ ಸುರಿದೆವು. ಅಟ್ಟದ ಮೇಲಿದ್ದ ಚರ್ಮದ ತಿದಿ ಕೆಳಗಿಳಿಯಿತು. ನಾನೂ ಅತ್ತೆಯೂ ಸರದಿಯ ಮೇಲೆ ತಿದಿ ಒತ್ತುತ್ತ, ಬೀಸುವ ಪದಗಳನ್ನೆಲ್ಲ ಹಾಡಿ ಮುಗಿಸಿದೆವು. ಅಂಗಳದ ತುಂಬ ಜನ. ಯಾರೋ ಚುರುಮುರಿ ತಂದರು. ಮೈಯೆಲ್ಲ ಬೆವರು, ಮುಖವೆಲ್ಲ ಮಸಿ, ಆದರೂ ಅಷ್ಟು ನಕ್ಕ ದಿನ ಮತ್ತೊಂದಿಲ್ಲ.

ಸಂಜೆ ಹೊತ್ತಿಗೆ ಗೂಡು ಒಡೆದರು. ಒಳಗಿಂದ ಕುಂಬಳಕಾಯಿಯಷ್ಟು ದೊಡ್ಡ, ತೂತುತೂತಿನ ಉಂಡೆ ಕೆಂಪಗೆ ಹೊರಬಂತು. ಮಾವನ ಕಣ್ಣಲ್ಲಿ ನೀರು. ಅವರು ಅದನ್ನು ಇಕ್ಕಳದಲ್ಲಿ ಹಿಡಿದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು. ನಾನು ಸುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಗಂಡ ಕಸಿದುಕೊಂಡ. ಊರೆಲ್ಲ ನೋಡುತ್ತಿತ್ತಲ್ಲ! "ನೂರು ಪೆಟ್ಟು ಅಕ್ಕಸಾಲ್ಯಾಂದು, ಒಂದು ಪೆಟ್ಟು ಕಂಬಾರಂದು" ಎನ್ನುತ್ತ ತಲೆಯ ಮೇಲಿಂದ ಬೀಸಿ ಹೊಡೆದ.

ಉಂಡೆ ಪುಡಿಪುಡಿಯಾಗಿ ನಾಲ್ಕೂ ದಿಕ್ಕಿಗೆ ಸಿಡಿಯಿತು. ಇಕ್ಕಳದಲ್ಲಿ ಮುಷ್ಟಿಯಷ್ಟು ಉಳಿಯಿತು. ಮಾವನ ಮುಖ ಬಿಳಿಚಿಕೊಂಡಿತು.

ನನಗೆ ಎಲ್ಲಿತ್ತೋ ಸಿಟ್ಟು! "ಸರೀರಿ ಅತ್ಲಾಗ!" ಎಂದು ಗಂಡನನ್ನು ನೂಕಿ, ಸಣ್ಣ ಸುತ್ತಿಗೆ ಎತ್ತಿಕೊಂಡೆ. ಇಕ್ಕಳದಲ್ಲಿ ಉಳಿದ ತುಂಡಿನ ಸೀಳಿದ ಅಂಚು ಕಂಡದ್ದೇ ನನ್ನ ಮೊದಮೊದಲ ರೊಟ್ಟಿ ನೆನಪಾಯಿತು. "ಮಾವಾರ, ಇನ್ನೊಮ್ಮೆ ಕಾಸ್ರಿ, ಚಲೋತ್ನಾಗಿ ಬೆಳ್ಳಗಾಗಲಿ" ಎಂದೆ. ಬೆಂಕಿಯಿಂದ ತೆಗೆದದ್ದೇ ಮೆಲ್ಲಗೆ ತಟ್ಟಿದೆ. ಮಾವ ತಿರುಗಿಸಿದರು, ಅಂಚು ಕೂಡಿಸಿದೆ. ಒಳಗಿನ ಕಿಟ್ಟ ಕರಗಿ ಸೋರಿತು. ಮತ್ತೆ ಕಾಸುವುದು, ಮತ್ತೆ ತಟ್ಟುವುದು. ಬಹಳ ಹೊತ್ತಿನ ಮೇಲೆ ಸುತ್ತಿಗೆಯ ಸದ್ದು ಬದಲಾಯಿತು. ಮೆತ್ತಗೆ ಧಪ್ ಎನ್ನುತ್ತಿದ್ದದ್ದು ಠಣ್ ಎಂದಿತು. ಮಾವ ತಲೆಯೆತ್ತಿ, "ಕೂಡಿತು ನೋಡಬೇ!" ಎಂದು ಸಣ್ಣ ಹುಡುಗನ ಹಾಗೆ ಕೂಗಿದರು.

ಕೊಯ್ತಾಕ್ಕೆ ಕಬ್ಬಿಣ ಸಾಲಲಿಲ್ಲ. ಕಳೆ ತೆಗೆಯುವ ಒಂದು ಕುರ್ಪಿ ಮಾತ್ರ ಆಯಿತು.

ಖಂಡೇಪೂಜೆಯ ಬೆಳಿಗ್ಗೆ ಎದುರುಮನೆ ಕಾಕಾ ಎಲ್ಲರಿಗಿಂತ ಮೊದಲೇ ಹಾಜರ್. ಸಾಲಾಗಿಟ್ಟ ಹತ್ಯಾರಗಳ ನಡುವೆ ಕುರ್ಪಿ ನೋಡಿ, "ಇಷ್ಟ ಸಣ್ಣದೇನ್ರಿ?" ಎಂದ.

"ದೊಡ್ಡದು ಮಗ ಒಡದಾನ" ಎಂದರು ಮಾವ. "ಉಳದದ್ದನ್ನ ಸೊಸಿ ಕೂಡಿಸ್ಯಾಳ." ಕಾಕಾ ಬಾಗಿ ಕುರ್ಪಿಗೆ ಕೈಮುಗಿದ. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ.

ನಮ್ಮ ಮನೆಯಲ್ಲಿ ಹೊಸ ಹತ್ಯಾರಕ್ಕೆ ಮೊದಲ ಕುಂಕುಮ ಹಚ್ಚುವುದು ಕುಲುಮೆಯ ಯಜಮಾನ. ಆವತ್ತು ಮಾವ ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿದರು. ನಾನು ಬೆರಳ ತುದಿಗೆ ಕುಂಕುಮ ತೆಗೆದುಕೊಂಡು, ಕುರ್ಪಿಗೆ ತಾಕಿಯೂ ತಾಕದ ಹಾಗೆ ಸವರಿದೆ.

ಹಿಂದಿನಿಂದ ಅತ್ತೆಯ ದನಿ: "ಹಚ್ಚಬೇ ಯವ್ವಾ, ಗಟ್ಟಿಯಾಗಿ ಹಚ್ಚು. ಇನ್ನ ಒಡಿಯೂದಿಲ್ಲ ಅದು."