ಮುನಿಶಾಮಿ ತಡೆದ ಮೂರು ಹೊಡೆತ

ಗೆಳೆಯರೇ, ಇವತ್ತು ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ! ದೇವನಹಳ್ಳಿಯ ಹಾಕಿ ತಂಡ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ನಮ್ಮ ದೊಡ್ಡಬಳ್ಳಾಪುರಕ್ಕೆ ಬಂದಿತ್ತು. ನಾವು ಒಂದು ಗೋಲು ಮುಂದಿದ್ದಾಗ ನಮ್ಮ ಗೋಲ್‌ಕೀಪರ್ ನಂಜಪ್ಪನ ಮೊಣಕಾಲಿಗೆ ಚೆಂಡು ಬಡಿದು, ಅವನು ಕುಂಟುತ್ತಾ ಹೊರಗೆ ಹೋದ. ಮೂರು ವರ್ಷದಿಂದ ಹೊರಗೇ ಕೂತಿದ್ದ ಬದಲಿ ಗೋಲ್‌ಕೀಪರ್, ನೇಕಾರರ ಮುನಿಶಾಮಿ, ಒಳಗೆ ಬಂದ. ಎದುರಾಳಿಗಳು ಒಪ್ಪದೆ ಆಟಗಾರನನ್ನು ಬದಲಿಸುವಂತಿಲ್ಲ; ದೇವನಹಳ್ಳಿಯವರು ನಗುತ್ತಲೇ ಒಪ್ಪಿದರು.

“ಮುಗೀತು ಕಣ್ರೋ ನಮ್ ಕಥೆ!” ಎಂದೆ ನಾನು.

ಮುನಿಶಾಮಿ ಮೊದಲ ಹೊಡೆತವನ್ನು ಕಾಲಿನಿಂದ ತಡೆದ, ಎರಡನೆಯದನ್ನು ಕೋಲಿನಿಂದ. ಮೂರನೆಯದಕ್ಕೆ ಎದೆಯನ್ನೇ ಕೊಟ್ಟ. ಗೆದ್ದೆವು!

ದೇವನಹಳ್ಳಿಯ ನಾಯಕ ಬಂದು, “ಇಂಥೋನ್ನ ಸುಮ್ನೆ ಕೂರ್ಸಿದ್ರಲ್ರೀ, ನಮ್ಗೆ ಕೊಟ್ಬಿಡಿ” ಎಂದ.

ಮುನಿಶಾಮಿಯನ್ನು ತಬ್ಬಿ ನಿಂತಿದ್ದ ನಂಜಪ್ಪ, “ಇವನ್ನ ಕೊಡಲ್ಲ ಸ್ವಾಮಿ, ಬೇಕಾದ್ರೆ ನನ್ನ ಕರ್ಕೊಂಡೋಗಿ” ಎಂದ.

ಈಗ ನಮ್ಮೂರಿಗೆ ಇಬ್ಬರು ಗೋಲ್‌ಕೀಪರುಗಳು. ಕಾಯಲು ಗೋಲು ಮಾತ್ರ ಒಂದೇ.